ತಂಗಿಗೆ ಬಂದ ನೋಟಿಸು, ನಮಗೆ ಸಿಕ್ಕ ಉಚಿತ ಕಾನೂನು ನೆರವು

ತಂಗಿ ತವರಿಗೆ ಬಂದು ಏಳು ತಿಂಗಳಾಗಿತ್ತು. ಒಂದು ದಿನ ಕೋರ್ಟಿನಿಂದ ನೋಟಿಸು ಬಂತು. ಹಿಂದೂ ವಿವಾಹ ಕಾಯ್ದೆ, ಕಲಂ 9. ಹೆಂಡತಿ ವಾಪಸ್ ಬಂದು ಸಂಸಾರ ಮಾಡಬೇಕು ಅಂತ ಗಂಡ ಹಾಕಿದ ಕೇಸು. ಹಾಳೆ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತವಳು, "ಅಕ್ಕಾ, ಪೊಲೀಸರು ಬಂದು ಕರ್ಕೊಂಡು ಹೋಗ್ತಾರಾ?" ಅಂದಳು.

ವಕೀಲರ ಫೀಸು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಊರಿನ ಅಂಗನವಾಡಿ ಟೀಚರ್ ಹೇಳಿದ ಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆವು. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಒಂದು ಅರ್ಜಿ, ಆಧಾರ್ ಜೆರಾಕ್ಸ್, ನೋಟಿಸಿನ ಪ್ರತಿ ಕೊಟ್ಟೆವು. ಮೊದಲ ದಿನ ಮಾತ್ರ ತುಂಬಾ ಬೇಜಾರಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಮೂರು ಗಂಟೆವರೆಗೆ ಬೆಂಚಿನ ಮೇಲೆ ಕಾದೆವು. ಆಮೇಲೆ ಇನ್ನೂ ನಾಲ್ಕು ಜನ ಕೂತಿದ್ದ ಕೋಣೆಯಲ್ಲೇ ಅವಳು ತನ್ನ ಸಂಸಾರದ ಕಥೆಯನ್ನೆಲ್ಲ ಹೇಳಬೇಕಾಯಿತು. ಮರೆಗೆ ಒಂದು ಪರದೆಯಾದರೂ ಹಾಕಬಾರದೇ?

ಆದರೆ ಕೊಟ್ಟ ವಕೀಲೆ ಮಾತ್ರ ಚಿನ್ನದಂಥವರು. ಮೊದಲಿಗೆ ತಂಗಿಯ ಭಯ ಬಿಡಿಸಿದರು. ಡಿಕ್ರಿ, ಅಂದರೆ ವಾಪಸ್ ಹೋಗು ಅಂತ ಕೋರ್ಟಿನ ತೀರ್ಪು, ಆದರೂ ಯಾರೂ ಅವಳನ್ನು ಎಳೆದುಕೊಂಡು ಹೋಗುವ ಹಾಗಿಲ್ಲ. ಆಸ್ತಿ ಜಪ್ತಿಗೆ ಕೇಳಬಹುದು, ಅಷ್ಟೇ. ಡಿಕ್ರಿಯಾಗಿ ಒಂದು ವರ್ಷ ಒಟ್ಟಿಗೆ ಬಾಳದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು.

ತಂಗಿ ತಲೆ ತಗ್ಗಿಸಿಯೇ ಇದ್ದಳು. "ಇದು ನಮ್ಮ ಧರ್ಮದ ಕಾನೂನು, ಹೋಗದಿದ್ದರೆ ಪಾಪ ಅಂತಾರೆ ಮೇಡಂ" ಅಂದಳು. ಅವರು ಪೆನ್ನು ಕೆಳಗಿಟ್ಟರು. "ನಮ್ಮದಲ್ಲಮ್ಮ ಇದು. ಇಂಗ್ಲೆಂಡಿನ ಚರ್ಚ್ ಕೋರ್ಟಿನದು" ಅಂದರು. ಅಲ್ಲಿ ಮದುವೆ ಕೇಸುಗಳು 1857ರವರೆಗೆ ಚರ್ಚಿನ ಕೋರ್ಟುಗಳಲ್ಲೇ ನಡೆಯುತ್ತಿದ್ದವಂತೆ. ಮದುವೆ ಮುರಿಯಲು ಚರ್ಚ್ ಬಿಡುತ್ತಿರಲಿಲ್ಲ. ಹಾಗಾಗಿ ಬಿಟ್ಟುಹೋದವರನ್ನು ವಾಪಸ್ ಕರೆಸುವ ಆಜ್ಞೆ ಕೊಡುತ್ತಿದ್ದರು. ಕೇಳದಿದ್ದರೆ ಚರ್ಚಿನಿಂದ ಬಹಿಷ್ಕಾರ, 1813ರ ನಂತರ ಜೈಲು. ಅದನ್ನೇ ಬ್ರಿಟಿಷ್ ಜಡ್ಜುಗಳು ಇಲ್ಲಿಗೂ ತಂದರು.

ರಖ್ಮಾಬಾಯಿಯ ಕಥೆಯನ್ನೂ ಅವರೇ ಹೇಳಿದರು. ಹನ್ನೊಂದನೇ ವಯಸ್ಸಿಗೆ ಮದುವೆಯಾದ ಹುಡುಗಿ. 1884ರಲ್ಲಿ ಗಂಡ ಬಾಂಬೆ ಹೈಕೋರ್ಟಿನಲ್ಲಿ ಇದೇ ಥರ ಕೇಸು ಹಾಕಿದ. ಹಿಂದೂ ಕಾನೂನಿನಲ್ಲಿ ಇಂಥದ್ದಕ್ಕೆ ಆಧಾರವೇ ಇಲ್ಲ ಅಂತ 1885ರಲ್ಲಿ ಜಸ್ಟಿಸ್ ಪಿನ್ಹೆ ಕೇಸು ವಜಾ ಮಾಡಿದರು. ಮೇಲ್ಮನವಿಯಲ್ಲಿ ಅದು ತಿರುಗಿತು. ಗಂಡನ ಮನೆಗೆ ಹೋಗು, ಇಲ್ಲ ಆರು ತಿಂಗಳು ಜೈಲಿಗೆ ಹೋಗು ಅಂದಾಗ ಆಕೆ ಜೈಲೇ ಆಗಲಿ ಅಂದಳು. ಕೊನೆಗೆ ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ಓದಿ ಡಾಕ್ಟರಾದಳು.

ಇಂಗ್ಲೆಂಡೇ ಈ ಕಾನೂನನ್ನು 1970ರಲ್ಲಿ ತೆಗೆದುಹಾಕಿದೆ. ನಾವು ಸ್ವಾತಂತ್ರ್ಯ ಬಂದ ಮೇಲೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಬರೆದುಕೊಂಡೆವು. 1983ರಲ್ಲಿ ಆಂಧ್ರ ಹೈಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಅಂದಿತ್ತು, ಮರುವರ್ಷವೇ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡಿಯಿತು. ನನಗೆ ಇದು ಕೇಳಿ ಹೊಟ್ಟೆ ಉರಿಯಿತು. ಹೊರಗಿನವರ ಚರ್ಚ್ ಬಿಟ್ಟ ನಿಯಮವನ್ನು ಸಂಪ್ರದಾಯ ಅಂತ ಹೇಳಿ ನನ್ನ ತಂಗಿಯನ್ನು ಹೆದರಿಸಿದ್ದರಲ್ವಾ! ಆ ಮಾತು ಕೇಳಿದ ಮೇಲೆ ಅವಳು ಮೊದಲ ಸಲ ನೆಟ್ಟಗೆ ಕೂತು, ಗಂಡನ ಮನೆಯಲ್ಲಿ ನಡೆದದ್ದನ್ನು ತಾರೀಖು ಸಮೇತ ಹೇಳಿದಳು.

ಬಿಟ್ಟು ಬಂದದ್ದಕ್ಕೆ ಸರಿಯಾದ ಕಾರಣ ತೋರಿಸುವ ಹೊಣೆ ಬಂದವರ ಮೇಲೇ ಇರುತ್ತದೆ. ಹಾಗಾಗಿ ಆಸ್ಪತ್ರೆ ಚೀಟಿ, ವಾಟ್ಸಾಪ್ ಮೆಸೇಜು ಎಲ್ಲ ತರಲು ಹೇಳಿದರು. ಗಂಡನ ಕೇಸಿಗೆ ಕೊಡಬೇಕಾದ ಉತ್ತರ, ಅಂದರೆ ತಕರಾರು, ಅವರೇ ಬರೆದರು. ಕಲಂ 24ರಲ್ಲಿ ಕೇಸು ನಡೆಯುವಾಗಿನ ಖರ್ಚು, ಜೀವನಾಂಶಕ್ಕೂ ಅರ್ಜಿ ಹಾಕಿದರು. ಇದುವರೆಗೆ ನಾವು ಕೊಟ್ಟದ್ದು ಜೆರಾಕ್ಸ್ ಮತ್ತು ಬಸ್ಸಿನ ಕಾಸು ಮಾತ್ರ.

ಇಂಥ ನೋಟಿಸು ಬಂದವರು ಸುಮ್ನೆ ಹೆದರಿ ಮನೆಯಲ್ಲಿ ಕೂರಬೇಡಿ. ವಾಯಿದೆ ತಪ್ಪಿದರೆ ನೀವಿಲ್ಲದೆಯೇ ಆದೇಶ ಆಗಿಬಿಡಬಹುದು. ಉಚಿತ ಕಾನೂನು ನೆರವಿನ ಸಹಾಯವಾಣಿ ನಂಬರು 15100. ಹೋಗುವಾಗ ನೀರಿನ ಬಾಟಲಿ, ಊಟದ ಡಬ್ಬಿ, ಜೊತೆಗೆ ಅಕ್ಕನೋ ಅಮ್ಮನೋ ಇರಲಿ.