ಮಕ್ಕಳ ಪುಸ್ತಕಕ್ಕೆ ತಕರಾರು ಬಂದರೆ: ಎಎಲ್‌ಎ ಟೂಲ್‌ಕಿಟ್ ಟೀಚರ್ ತರಬೇತಿಗೆ ಸಾಕಾ?

ಶಾಲೆಯ ಲೈಬ್ರರಿಗೆ ಪುಸ್ತಕ ಹೇಗೆ ಆರಿಸಬೇಕು, ಯಾರಾದರೂ ಬಂದು 'ಇದನ್ನು ತೆಗೆದುಹಾಕಿ' ಅಂದರೆ ಏನು ಮಾಡಬೇಕು ಅನ್ನುವುದಕ್ಕೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ (ಎಎಲ್‌ಎ) ಅವರ ಒಂದು ಟೂಲ್‌ಕಿಟ್, ಅಂದರೆ ಮಾರ್ಗದರ್ಶಿ, ಆನ್‌ಲೈನ್‌ನಲ್ಲಿದೆ. ಉಚಿತ. ಬರೆದಿರುವುದು ಲೈಬ್ರರಿಯನ್‌ಗಳಿಗೆ, ಆದರೆ ಅಮೆರಿಕದಲ್ಲಿ ಟೀಚರ್ ಆಗಲು ಓದುತ್ತಿರುವವರಿಗೆ ಮಕ್ಕಳ ಸಾಹಿತ್ಯ ಕಲಿಸುವವರು ಇದನ್ನು ಪಾಠದಲ್ಲಿ ಸೇರಿಸಲೇಬೇಕು ಅನ್ನುತ್ತೇನೆ. ಆ ಸಂಸ್ಥೆಯ ಲೆಕ್ಕದಲ್ಲೇ 2022ರಲ್ಲಿ 2,571 ಪುಸ್ತಕಗಳ ಮೇಲೆ ತಕರಾರು ಬಂದಿತ್ತು, 2023ರಲ್ಲಿ ಅದು 4,240ಕ್ಕೆ ಏರಿತು. ಹೊಸ ಟೀಚರ್ ಕೆಲಸಕ್ಕೆ ಸೇರುವುದು ಇಂಥ ಗಾಳಿಯಲ್ಲಿ.

ನನಗೆ ತುಂಬಾ ಇಷ್ಟವಾದದ್ದು ಪುಸ್ತಕದ ಮರುಪರಿಶೀಲನೆಗೆ ತಕರಾರು ತಂದವರು ತುಂಬಬೇಕಾದ ಮಾದರಿ ಫಾರಂ. ನೋಡಲು ಸಾದಾ ಇದೆ. ಪುಸ್ತಕ ಪೂರ್ತಿ ಓದಿದ್ದೀರಾ, ನಿಮಗೆ ತೊಂದರೆ ಅನಿಸಿದ್ದು ಯಾವುದು, ನಾವೇನು ಮಾಡಬೇಕು ಅಂತ ಕೇಳುತ್ತೀರಿ, ಇಷ್ಟೇ ಪ್ರಶ್ನೆಗಳು. ಆದರೆ ಇವಕ್ಕೆ ಉತ್ತರ ಬರೆಯಲು ಕೂತವರು ಯಾವುದೋ ಒಂದು ಪುಟದ ಫೋಟೋ ಹಿಡಿದುಕೊಂಡು ಜಗಳ ಆಡುವುದು ಬಿಟ್ಟು ಪುಸ್ತಕದ ಬಗ್ಗೆ ಮಾತಾಡಬೇಕಾಗುತ್ತದೆ, ಅದೇ ದೊಡ್ಡ ವಿಷಯ. ತಕರಾರು ತಂದ ಪೋಷಕರನ್ನು ಶತ್ರು ಅಂತ ನೋಡದೆ ಗೌರವದಿಂದ ಕೇಳಿಸಿಕೊಳ್ಳಿ ಅನ್ನುವ ಧಾಟಿಯೂ ಸರಿಯಾಗಿದೆ.

ಇನ್ನೊಂದು ನಿಯಮ, ಪರಿಶೀಲನೆ ಮುಗಿಯುವ ತನಕ ಪುಸ್ತಕ ಕಪಾಟಿನಲ್ಲೇ ಇರಲಿ ಅನ್ನುವುದು. ಒಳ್ಳೆಯ ನಿಯಮವೇ. ಆದರೆ ಫ್ಲೋರಿಡಾದ 2023ರ ಕಾನೂನಿನ ಪ್ರಕಾರ ಲೈಂಗಿಕ ವಿಷಯದ ಬಗ್ಗೆ ಆಕ್ಷೇಪ ಬಂದರೆ 5 ಶಾಲಾ ದಿನಗಳ ಒಳಗೆ ಪುಸ್ತಕ ತೆಗೆದಿಡಬೇಕು, ತೀರ್ಮಾನ ಆಮೇಲೆ. ಹಾಗಾಗಿ ಟೂಲ್‌ಕಿಟ್ ಓದಿಸುವವರು ಆಯಾ ರಾಜ್ಯದ ಕಾನೂನನ್ನೂ ಜೊತೆಗೇ ಓದಿಸಬೇಕು.

ಈಗ ಕೊರತೆ. ಇದು ಲೈಬ್ರರಿಯ ಪುಸ್ತಕಕ್ಕೆ ಮಾಡಿದ್ದು, ತರಗತಿಯಲ್ಲಿ ಪಾಠ ಮಾಡುವ ಪುಸ್ತಕಕ್ಕಲ್ಲ. ಟೀಚರಿಗೆ ಈ ವ್ಯತ್ಯಾಸ ಸಣ್ಣದಲ್ಲ. 1982ರ ಪಿಕೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ಅಭಿಪ್ರಾಯ, ವಿಚಾರ ಹಿಡಿಸಲಿಲ್ಲ ಅಂತ ಮಾತ್ರಕ್ಕೆ ಶಾಲಾ ಮಂಡಳಿ ಪುಸ್ತಕ ಕಿತ್ತುಹಾಕುವಂತಿಲ್ಲ ಎಂದಿತು, ಆದರೆ ಆ ಮಾತು ಲೈಬ್ರರಿಗೆ ಮಾತ್ರ. ಪಠ್ಯದ ಮೇಲೆ ಮಂಡಳಿಯ ಹಿಡಿತ ಜಾಸ್ತಿ. ಅಲ್ಲಿ ಟೀಚರ್ ಕೈಯಲ್ಲಿ ಇರಬೇಕಾದದ್ದು ಈ ಪುಸ್ತಕ ಯಾಕೆ, ಯಾವ ವಯಸ್ಸಿಗೆ, ಏನು ಕಲಿಸಲು ಅಂತ ಮೊದಲೇ ಬರೆದಿಟ್ಟ ಸಮರ್ಥನೆ. ಇದಕ್ಕೆ ಇಂಗ್ಲಿಷ್ ಶಿಕ್ಷಕರ ಸಂಘ ಎನ್‌ಸಿಟಿಇಯವರ ಸಾಮಗ್ರಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅದಕ್ಕಿಂತ ನನ್ನನ್ನು ಕಾಡುವುದು, ತಕರಾರೇ ಬಾರದೆ ಮರೆಯಾಗುವ ಪುಸ್ತಕಗಳು. ಮಾರಿಸ್ ಸೆಂಡಾಕ್ ಅವರ ಮಕ್ಕಳ ಚಿತ್ರಪುಸ್ತಕ 'ಇನ್ ದ ನೈಟ್ ಕಿಚನ್' 1970ರಲ್ಲಿ ಬಂದಾಗ ಅದರಲ್ಲಿದ್ದ ಬೆತ್ತಲೆ ಹುಡುಗನಿಗೆ ಕೆಲವು ಲೈಬ್ರರಿಯನ್‌ಗಳೇ ಬಣ್ಣ ಬಳಿದು ಚಡ್ಡಿ ಹಾಕಿದ್ದರು. ಇಂಥದ್ದಕ್ಕೆ ಯಾವ ಫಾರಂ ಇದೆ? ಹೊಸ ಟೀಚರ್ ಭಯಕ್ಕೆ ಒಂದು ಕಥೆಯನ್ನು ಸುಮ್ನೆ ಬಿಟ್ಟುಬಿಟ್ಟರೆ ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಮಕ್ಕಳಿಗೂ ಗೊತ್ತಾಗುವುದಿಲ್ಲ. ಅಮೆರಿಕದ ಲೈಬ್ರರಿ ವಿದ್ವಾಂಸ ಲೆಸ್ಟರ್ ಆಶೈಮ್ 1953ರಲ್ಲೇ ಬರೆದಿದ್ದರು, ಆಯ್ಕೆ ಮಾಡುವವರು ಪುಸ್ತಕ ಇಟ್ಟುಕೊಳ್ಳಲು ಕಾರಣ ಹುಡುಕುತ್ತಾರೆ, ಸೆನ್ಸಾರ್ ಮಾಡುವವರು ಬೇಡ ಅನ್ನಲು ಕಾರಣ ಹುಡುಕುತ್ತಾರೆ ಅಂತ. ತರಬೇತಿಯಲ್ಲಿ ಇದನ್ನೇ ಮೊದಲು ಚರ್ಚಿಸಬೇಕು, ಅಲ್ವಾ?

ನನ್ನ ಲೆಕ್ಕದಲ್ಲಿ 5ಕ್ಕೆ 4 ಸ್ಟಾರ್. ಬಳಸುವವರು ಪೂರ್ತಿ ಟೂಲ್‌ಕಿಟ್ ಓದಿಸಲು ಹೋಗಬೇಡಿ, ಆಯ್ಕೆಯ ಮಾನದಂಡದ ಭಾಗ ಮತ್ತು ಫಾರಂ ಸಾಕು. ಫಾರಂ ಅನ್ನು ಟೀಚರ್ ಆಗಲು ಓದುತ್ತಿರುವ ವಿದ್ಯಾರ್ಥಿಗಳೇ ಪೋಷಕರ ಜಾಗದಲ್ಲಿ ಕೂತು ತುಂಬಲಿ, ಆಮೇಲೆ ಅದೇ ಪುಸ್ತಕಕ್ಕೆ ಒಂದು ಪುಟದ ಸಮರ್ಥನೆ ಬರೆಯಲಿ.