ಕ್ಯೋಟೋದಲ್ಲಿ ಮೂರು ರಾತ್ರಿ, ನಾರಾದಲ್ಲಿ ಮೂರು ರಾತ್ರಿ

ಜಪಾನಿಗೆ ಹೋಗುವವರು ಸಾಮಾನ್ಯವಾಗಿ ಕ್ಯೋಟೋದಲ್ಲಿ ರೂಮ್ ಮಾಡುತ್ತಾರೆ. ನಾರಾಕ್ಕೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದುಬಿಡುತ್ತಾರೆ. ಎರಡೂ ಹಳೆಯ ರಾಜಧಾನಿಗಳೇ. ನಾರಾ 710ರಲ್ಲಿ, ಕ್ಯೋಟೋ 794ರಲ್ಲಿ ರಾಜಧಾನಿಯಾದವು. ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಎರಡು ಕಡೆಯೂ ಮೂರು ಮೂರು ರಾತ್ರಿ ಉಳಿದು ನೋಡಿದೆ. ಇನ್ನೊಮ್ಮೆ ಹೋದರೆ ರೂಮ್ ನಾರಾದಲ್ಲೇ.

ನೋಡುವ ಜಾಗಗಳು ಕ್ಯೋಟೋದಲ್ಲೇ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವೂ ದೂರ ದೂರ, ಹಾಗಾಗಿ ಬಸ್ ಬೇಕೇ ಬೇಕು. ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದೆ ಡ್ರೈವರ್ ಪಕ್ಕದ ಡಬ್ಬಿಗೆ 230 ಯೆನ್ ಹಾಕಬೇಕು. ಒಂದು ಸ್ಟಾಪಿನಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರಿಗೆ ಹತ್ತಲು ಜಾಗವೇ ಸಿಗಲಿಲ್ಲ. ಒಳಗೆ ನಮ್ಮಂಥ ಪ್ರವಾಸಿಗಳು, ನಮ್ಮ ಸೂಟ್‌ಕೇಸುಗಳು. ಅವರು ಏನೂ ಅನ್ನದೆ ಹಿಂದೆ ಸರಿದು ನಿಂತರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಕಿಂಕಾಕುಜಿ ದೇವಸ್ಥಾನದ ಚಿನ್ನದ ಮಂಟಪ 1950ರಲ್ಲಿ ಸುಟ್ಟುಹೋಗಿತ್ತು. ಈಗಿರುವುದು 1955ರಲ್ಲಿ ಮತ್ತೆ ಕಟ್ಟಿದ್ದು. ಕೊಳದ ಆಚೆಯಿಂದ ನೋಡಿ ಮುಂದೆ ಹೋಗುವುದಷ್ಟೆ. ರ್‍ಯೋಆಂಜಿ ಎಂಬ ದೇವಸ್ಥಾನ ನನಗೆ ಜಾಸ್ತಿ ಹಿಡಿಸಿತು. ಬಿಳಿ ಜಲ್ಲಿ ಹಾಸಿದ ಅಂಗಳದಲ್ಲಿ 15 ಕಲ್ಲುಗಳಿವೆ. ಜಗಲಿಯ ಮೇಲೆ ಎಲ್ಲಿ ಕೂತರೂ ಒಂದು ಮರೆಯಾಗುತ್ತದೆ. ಫುಶಿಮಿ ಇನಾರಿ ಗುಡಿಗೆ ಬೆಳಿಗ್ಗೆ ಆರಕ್ಕೇ ಹೋದೆ. ಅಲ್ಲಿ ಟಿಕೆಟ್ ಇಲ್ಲ, ಬಾಗಿಲು ಹಾಕುವುದೂ ಇಲ್ಲ. ಸಾಲುಸಾಲು ಕೆಂಪು ಕಮಾನುಗಳ ಕೆಳಗೆ ಬೆಟ್ಟ ಹತ್ತುವಾಗ ನನ್ನ ಹೆಜ್ಜೆ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಕ್ಯೋಟೋದಲ್ಲಿ ಸಿಕ್ಕ ಅತಿ ಒಳ್ಳೆಯ ಗಂಟೆ ಅದು.

ಅಂಥ ಗಂಟೆಗಳು ನಾರಾದಲ್ಲಿ ದಿನವೂ ಸಿಗುತ್ತವೆ. ತೋಡೈಜಿಯ ದೊಡ್ಡ ಬುದ್ಧನ ಮಂದಿರ ಬೇಸಿಗೆ ತಿಂಗಳುಗಳಲ್ಲಿ ಏಳೂವರೆಗೇ ತೆರೆಯುತ್ತದೆ. ಕ್ಯೋಟೋದಿಂದ ಬರುವವರು ತಲುಪುವಷ್ಟರಲ್ಲಿ ಒಂಬತ್ತು, ಹತ್ತು. ಅಲ್ಲಿಯವರೆಗೆ ಸುಮಾರು 15 ಮೀಟರ್ ಎತ್ತರದ ಆ ಕಂಚಿನ ಬುದ್ಧನ ಮುಂದೆ ಸುಮ್ನೆ ನಿಂತಿರಬಹುದು. 752ರಲ್ಲಿ ಕುಂಚದಿಂದ ಕಣ್ಣು ಬರೆದು ಈ ಮೂರ್ತಿಯ ಕಣ್ಣು ತೆರೆಸಿದವರು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಅವರ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ಸೇರಿದ್ದ ಜನ ಅದನ್ನು ಹಿಡಿದಿದ್ದರಂತೆ. ಆ ಕುಂಚ, ದಾರ ಎರಡೂ ಶೋಸೋಇನ್ ಭಂಡಾರದಲ್ಲಿ ಉಳಿದಿವೆ. ಇಷ್ಟು ದೂರ, ಆ ಕಾಲದಲ್ಲಿ, ಸಮುದ್ರ ದಾಟಿ! ನನಗೆ ಕಣ್ಣು ತುಂಬಿ ಬಂತು.

ಜಿಂಕೆಗಳು ಪಾರ್ಕಿನಲ್ಲೂ ಅದರ ಸುತ್ತಮುತ್ತಲೂ ಓಡಾಡುತ್ತವೆ. ಬಿಸ್ಕತ್ತು ಕಂಡರೆ ತಲೆ ಬಗ್ಗಿಸುತ್ತವೆ. ಖಾಲಿ ಆದಮೇಲೆ ಎರಡೂ ಅಂಗೈ ಬಿಡಿಸಿ ತೋರಿಸಿದರೆ ಹೊರಟುಹೋಗುತ್ತವೆ. ನಾರಾಮಾಚಿಯ ಹಳೆ ಬೀದಿಗಳಲ್ಲಿ ಮನೆಗಳ ಸೂರಿಗೆ ಕೆಂಪು ಬಟ್ಟೆಯ ಪುಟ್ಟ ಕೋತಿಗಳನ್ನು ನೇತುಹಾಕಿರುತ್ತಾರೆ. ಮನೆಯವರಿಗೆ ಬರುವ ಕೇಡನ್ನು ಅವು ತಮ್ಮ ಮೇಲೆ ತೆಗೆದುಕೊಳ್ಳುತ್ತವೆ ಎಂಬ ನಂಬಿಕೆ. ಅದರ ಕೆಳಗೇ ಸೈಕಲ್, ಹೂಕುಂಡ, ಒಣಗಲು ಹಾಕಿದ ಬಟ್ಟೆ.

ಊಟದ ವಿಷಯದಲ್ಲಿ ಮಾತ್ರ ಕ್ಯೋಟೋ ಮುಂದೆ. ನಾನು ಸಸ್ಯಾಹಾರಿ. ನಾನ್ಜೆನ್ಜಿ ದೇವಸ್ಥಾನದ ಸುತ್ತಮುತ್ತ ಬಿಸಿನೀರಲ್ಲಿ ಕುದಿಸಿದ ತೋಫು, ಯುದೋಫು, ಸಿಗುತ್ತದೆ. ಆದರೆ ಸಾರಿಗೆ ದಾಶಿ ಎಂಬ ಮೀನಿನ ರಸ ಹಾಕಿದ್ದಾರಾ ಅಂತ ಕೇಳಿಯೇ ತಿನ್ನಬೇಕು. ನಾರಾದಲ್ಲಿ ಕತ್ತಲಾದರೆ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಒಂದು ರಾತ್ರಿ ಉಮೆ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿ ತುಂಬಿದ ಎರಡು ಅನ್ನದುಂಡೆ ತಿಂದು ಮಲಗಿದೆ.

ನಿರ್ಧಾರ ಮಾಡಿಸಿದ್ದು ಎರಡು ಮರದ ಜಗಲಿಗಳು. ಕ್ಯೋಟೋದ ಕಿಯೊಮಿಜು ದೇವಸ್ಥಾನದ ಜಗಲಿ 1633ರದು, ಕಣಿವೆಯ ಮೇಲೆ 13 ಮೀಟರ್ ಎತ್ತರದಲ್ಲಿ ಚಾಚಿದೆ. ಮೊಳೆ ಹೊಡೆಯದೆ ಕೂರಿಸಿದ ಅದರ ಕಂಬಗಳು ನಿಜಕ್ಕೂ ಅದ್ಭುತ. ಆದರೆ ಮೇಲೆ ಕಟಕಟೆಯ ಹತ್ತಿರ ಒಂದು ನಿಮಿಷ ನಿಲ್ಲಲೂ ಆಗಲಿಲ್ಲ, ಹಿಂದಿನಿಂದ ಜನ ಒತ್ತುತ್ತಿದ್ದರು. ನಾರಾದ ನಿಗತ್ಸುದೋ ಮಂದಿರದ ಜಗಲಿ ಕೂಡ ಹಾಗೇ ಇಳಿಜಾರಿನ ಮೇಲಿದೆ. ಮಾರ್ಚಿನಲ್ಲಿ ಇಲ್ಲಿ ದೊಡ್ಡ ಪಂಜುಗಳನ್ನು ಹಿಡಿದು ಓಡುತ್ತಾರೆ. 752ರಲ್ಲಿ ಶುರುವಾದ ಆಚರಣೆ ಒಂದು ವರ್ಷವೂ ತಪ್ಪಿಲ್ಲ. ನಾನು ಹೋದಾಗ ಅದೇನೂ ಇರಲಿಲ್ಲ. ಊರಿನವರು ಕೆಲಸ ಮುಗಿಸಿ ಬಂದು ಕೈಮುಗಿದು ಹೋಗುತ್ತಿದ್ದರು. ಕೆಳಗೆ ತೋಡೈಜಿಯ ಸೂರು, ಅದರಾಚೆ ಊರಿನ ದೀಪಗಳು ಒಂದೊಂದೇ ಹತ್ತಿಕೊಂಡವು. ಮೂರು ಸಂಜೆಯೂ ಅಲ್ಲೇ ಕೂತೆ.