ಗಾಳದ ಕೆರೆಗೆ ಹೊಳೆ ಮೀನಿನ ಮರಿ: ಯಾವುದು ತರಬಹುದು, ಯಾವುದು ಬೇಡ

ಪಾಂಡವಪುರ, ಶ್ರೀರಂಗಪಟ್ಟಣ, ಮದ್ದೂರು ಕಡೆ ಸ್ವಂತ ಹೊಂಡವನ್ನೋ ಗುತ್ತಿಗೆ ಕೆರೆಯನ್ನೋ ಗಾಳ ಹಾಕೋರಿಗೆ ಬಿಡುವವರು ಮೀನುಮರಿ ಕೊಳ್ಳಲು ಹೋದರೆ, ಮಾರುವವರ ಬಾಯಲ್ಲಿ ಮೊದಲು ಬರುವುದು 'ಹೊಳೆ ಮೀನು'. ಕೆರೆಗೆ ಮಶೀರ್ (ಗಾಳದವರು ಹುಡುಕಿಕೊಂಡು ಬರುವ ದೊಡ್ಡ ಹೊಳೆ ಮೀನು) ಹಾಕಿ, ಬೆಂಗಳೂರಿಂದ ಜನ ಬರುತ್ತಾರೆ ಅನ್ನುತ್ತಾರೆ. ಹೀಗೆ ಸಿಗುವ ಮರಿಗಳಲ್ಲಿ ನಿಂತ ನೀರಿಗೆ ಯಾವುದು ಹೊಂದುತ್ತದೆ ಅನ್ನುವುದಷ್ಟೇ ಈ ವಿಮರ್ಶೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಕಾಟ್ಲಾ, ರೋಹು, ಮೃಗಾಲ್ ಕೂಡ ಹೊಳೆ ಮೀನುಗಳೇ, ಉತ್ತರದ ದೊಡ್ಡ ನದಿಗಳವು. ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಮಳೆಗಾಲದ ಹರಿವು ಇಲ್ಲದೆ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ) ರಸದ ಚುಚ್ಚುಮದ್ದಿನಿಂದ ಮರಿ ಮಾಡಿಸಿ ತೋರಿಸಿದ ಮೇಲೆಯೇ ಇವು ಊರೂರ ಕೆರೆಗೂ ಸುಲಭವಾಗಿ ಸಿಗತೊಡಗಿದ್ದು. ಆದ್ದರಿಂದ 'ಹೊಳೆ ಮೀನು ಕೆರೆಗೆ ಬೇಡ' ಅನ್ನುವ ಮಾತೂ ಪೂರ್ತಿ ಸರಿಯಲ್ಲ. ನೋಡಬೇಕಾದ್ದು ಎರಡೇ: ಬೆಳಗಿನ ಜಾವದ ಆಮ್ಲಜನಕ, ಮತ್ತು ಕೋಡಿ ಹರಿದರೆ ಮೀನು ಎಲ್ಲಿಗೆ ಹೋಗುತ್ತದೆ.

ಮಶೀರ್ ಮರಿಗೆ ನಮ್ಮ ಅಂಕ ಐದಕ್ಕೆ ಒಂದು. ಆ ಒಂದೂ ಮರಿಯ ಚೆಲುವಿಗೆ. ಶಿವನಸಮುದ್ರದ ಕೆಳಗಿನ ಬಂಡೆ ಮಡುಗಳಲ್ಲಿ, ಮುತ್ತತ್ತಿ–ಭೀಮೇಶ್ವರಿ ಕಡೆ ರಾಗಿ ಮುದ್ದೆಯ ಉಂಡೆ ಕಟ್ಟಿ ಹಿಡಿಯುತ್ತಿದ್ದ ಮೀನು ಇದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ಹೆಸರು ಹೇಳಿಯೇ ಇವತ್ತಿಗೂ ವ್ಯಾಪಾರ ನಡೆಯುತ್ತದೆ. ಆದರೆ ಹ್ಯಾಚರಿಯಿಂದ ಬರುವ ಮರಿ ಸಾಮಾನ್ಯವಾಗಿ ನೀಲಿ ರೆಕ್ಕೆಯ ಮಶೀರ್. ಕಾವೇರಿಯ ಸ್ವಂತದ ಗೂನು ಬೆನ್ನಿನ ಮಶೀರ್ ಬೇರೆಯದೇ ಜಾತಿ. 2018ರಿಂದ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯದು ಕಾವೇರಿಯಲ್ಲಿ ಈಗಾಗಲೇ ಅದರ ಜಾಗ ತುಂಬಿದೆ. ನಿಮ್ಮ ಕೆರೆಯ ಕೋಡಿ ನೀರು ಲೋಕಪಾವನಿಗೋ ಶಿಂಷಾಗೋ ಸೇರುತ್ತದೆ ಅಂದರೆ ಕಾವೇರಿಗೇ ಸೇರಿದಂತೆ. ಕೋಡಿಗೆ ಜಾಲರಿ ಹಾಕಿದರಾಯಿತು ಅನ್ನಬಹುದು. ಕಣ್ಣು ಸಣ್ಣದಾದಷ್ಟೂ ಕಸ, ಅಂತರಗಂಗೆ ಬೇಗ ಕಟ್ಟಿಕೊಳ್ಳುತ್ತದೆ. ಜೋರು ಮಳೆಯ ರಾತ್ರಿ ನೀರು ಉಕ್ಕಿ ಕೆರೆ ಏರಿಯ ಮೇಲೆಯೇ ಹರಿದರೆ ಮೀನಿನ ಜೊತೆ ಏರಿಯೂ ಹೋಯಿತು.

ಇನ್ನು ಬದುಕುವ ಮಾತು. ಮಶೀರ್‌ಗೆ ಲೀಟರಿಗೆ 5–6 ಮಿಲಿಗ್ರಾಂ ಆಮ್ಲಜನಕ ಸದಾ ಇರಬೇಕು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯಂಥ ಗೆಂಡೆ ಜಾತಿಗಳು 3–4ರಲ್ಲೂ ಸುಧಾರಿಸುತ್ತವೆ. ನೀರು 30 ಡಿಗ್ರಿ ಮುಟ್ಟಿದರೆ ಅದು ಹಿಡಿದುಕೊಳ್ಳುವುದೇ ಸುಮಾರು 7.5 ಮಿಲಿಗ್ರಾಂ. ಬೇಸಿಗೆಯಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನಿಂತು ಕೆರೆ ಇಳಿದು ನೀರು ಹಸಿರಾದಾಗ ಪಾಚಿ ಹಗಲೆಲ್ಲ ಆಮ್ಲಜನಕ ಕೊಟ್ಟು ರಾತ್ರಿ ಅದನ್ನೇ ಹೀರುತ್ತದೆ. ಮಧ್ಯಾಹ್ನದ ಅಳತೆ ನೋಡಿ ಖುಷಿಪಡಬೇಡಿ. ಬೆಳಗಿನ ಜಾವ ನಾಲ್ಕೂವರೆ–ಐದಕ್ಕೆ, ಮೇಲ್ಗಡೆ ಒಮ್ಮೆ, ತಳದ ಹತ್ತಿರ ಒಮ್ಮೆ ಅಳೆಯಿರಿ. ಎರಡು ದಿನ ಮೋಡ ಮುಚ್ಚಿದ್ದರೆ ಇನ್ನೂ ಕೆಳಗಿರುತ್ತದೆ. ಗಾಳಕ್ಕೆ ಸಿಕ್ಕ ಮಶೀರ್ ಕೊನೆಯವರೆಗೂ ಎಳೆಯುತ್ತದೆ. ಅಂಥ ನೀರಿಗೆ ಮರಳಿ ಬಿಟ್ಟರೆ ಈಜಿ ಹೋದಂತೆ ಕಂಡರೂ ಸುಧಾರಿಸಿಕೊಳ್ಳದೆ ಸಾಯಬಹುದು. ಬೆಳವಣಿಗೆಯೂ ನಿಧಾನ. ಕಾಟ್ಲಾ ವರ್ಷಕ್ಕೆ ಕೆಜಿ ದಾಟುವ ಹೊಂಡದಲ್ಲಿ ಇದು ಅದರ ಅರ್ಧಕ್ಕೆ ಬರುವುದೂ ಕಷ್ಟ.

ರೋಹುಗೆ ನಾಲ್ಕೂವರೆ. ನೀರಿನ ನಡುಮಟ್ಟದಲ್ಲಿ ಮೇಯುತ್ತದೆ, ಕಡಲೆ ಹಿಂಡಿ–ಅಕ್ಕಿ ತೌಡಿನ ಉಂಡೆಗೆ ಬರುತ್ತದೆ, ಎಳೆತವೂ ಚೆನ್ನ. ಕಾಟ್ಲಾಗೆ ನಾಲ್ಕು, ಮೇಲ್ನೀರಿನ ಮೀನಾದ್ದರಿಂದ ತಳಕ್ಕೆ ಗಾಳ ಬಿಟ್ಟು ಕೂತವರಿಗೆ ಸಿಗದು, ಬೆಂಡು ಕಟ್ಟಬೇಕು. ಮೃಗಾಲ್ ಪರವಾಗಿಲ್ಲ. ಸಾಮಾನ್ಯ ಗೆಂಡೆ ಕೆರೆಯಲ್ಲೇ ಮರಿ ಮಾಡುತ್ತದೆ, ಗಾಳಕ್ಕೂ ಸುಲಭ, ಆದರೆ ತಳ ಕೆದಕಿ ನೀರು ರಾಡಿ ಮಾಡುತ್ತದೆ, ಕಡಿಮೆ ಇರಲಿ. ಬೆಳ್ಳಿಗೆಂಡೆ ಬೇಡವೇ ಬೇಡ: ನೀರು ಸೋಸಿ ತಿನ್ನುವ ಮೀನು, ಗಾಳ ಮುಟ್ಟುವುದು ಅಪರೂಪ, ಕಾಟ್ಲಾದ ಮೇವಿಗೂ ಪಾಲುದಾರ. ಬಾಳೆ ಮೀನನ್ನು ಕೆರೆಗೆ ಹಾಕಿದರೆ ಬೇರೆ ಮರಿಗಳ ದುಡ್ಡೆಲ್ಲ ಅದರ ಹೊಟ್ಟೆಗೆ. ಬರೀ 'ಕ್ಯಾಟ್‌ಫಿಶ್' ಎಂದು ಕಡಿಮೆ ರೇಟಿಗೆ ಕೊಟ್ಟರೆ ಆಫ್ರಿಕನ್ ಇರಬಹುದು. ಅದರ ಸಾಕಣೆ ನಿಷಿದ್ಧ.

ಮಾಂಸಕ್ಕೆ ಸಾಕುವವರು ಎಕರೆಗೆ 2,000ದಿಂದ 4,000 ಮರಿ ಬಿಡುತ್ತಾರೆ. ಗಾಳದ ಕೆರೆಗೆ ದೊಡ್ಡ ಮೀನು ಬೇಕು, ಸಂಖ್ಯೆಯಲ್ಲ. ಎಕರೆಗೆ ಸಾವಿರ ಸಾಕು: ರೋಹು 450, ಕಾಟ್ಲಾ 300, ಮೃಗಾಲ್ 150, ಸಾಮಾನ್ಯ ಗೆಂಡೆ 100. ಕೆರೆಯಲ್ಲಿ ಮೊದಲೇ ಮರಿ ನುಂಗುವ ಕೊರವ ಮೀನು ಇದ್ದರೆ 10 ಸೆಂಟಿಮೀಟರಿಗಿಂತ ಚಿಕ್ಕ ಮರಿ ತರಬೇಡಿ. ಜುಲೈನಿಂದ ಸೆಪ್ಟೆಂಬರ್ ಒಳಗೆ, ತಂಪು ಹೊತ್ತಲ್ಲಿ ತರಿಸಿ.

ಪೂರೈಕೆದಾರರನ್ನು ಅಳೆಯುವುದು ಚೀಲ ಬಂದಾಗ. ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ ತುಂಬಿ ಚೀಲ ಬಿಗಿಯಾಗಿರಬೇಕು. ನೀರು ಕೊಳೆತ ವಾಸನೆ ಬಂದು ನೊರೆ ಕಟ್ಟಿದ್ದರೆ ಹಿಂದಿನ ದಿನ ಮೇವು ನಿಲ್ಲಿಸಿರಲಿಕ್ಕಿಲ್ಲ. ಚೀಲವನ್ನು ನೆರಳಲ್ಲಿ 15–20 ನಿಮಿಷ ಕೆರೆಯಲ್ಲಿ ತೇಲಿಸಿ, ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪ ಕೆರೆ ನೀರು ಬೆರೆಸಿ, ಮರಿಗಳು ತಾವಾಗಿ ಈಜಿ ಹೋಗಲಿ. ನೂರು ಮರಿ ಎಣಿಸಿ ಹಾಪಾ ಬಲೆಯಲ್ಲಿ (ನೀರಲ್ಲಿ ಕಟ್ಟುವ ಪೆಟ್ಟಿಗೆಯಂಥ ಬಲೆ) ಒಂದು ದಿನ ಇಡಿ. ಸತ್ತವೆಷ್ಟು ಎಂದು ಎಣಿಸಿದ ಮೇಲೆ ಬಾಕಿ ಹಣ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ; ಒಪ್ಪದವರ ಹತ್ತಿರ ಕೊಳ್ಳಬೇಡಿ. ಮಶೀರ್ ಎಂದು ಸಾಮಾನ್ಯ ಗೆಂಡೆ ದಾಟಿಸುವುದೂ ಉಂಟು. ಎರಡಕ್ಕೂ ಎರಡು ಜೊತೆ ಮೀಸೆ ಇರುವುದರಿಂದ ಮೀಸೆ ನೋಡಿ ಪ್ರಯೋಜನವಿಲ್ಲ. ಬೆನ್ನಿನ ರೆಕ್ಕೆ ಉದ್ದಕ್ಕೆ ಬಾಲದ ಕಡೆಗೆ ಹರಡಿದ್ದರೆ ಅದು ಗೆಂಡೆ, ಮಶೀರ್‌ನದು ಗಿಡ್ಡ.